ಕೆರೆ ಅಗೆದರೆ ನೀರು ಬರುತ್ತದೆಯೇ?

ಪ್ರಶ್ನೆ: ಸರ್, ನಮ್ಮದು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಊರ ಕೆರೆ ಸುಮಾರು 40 ಎಕರೆ. 2021ರ ನವೆಂಬರ್ ಮಳೆಗೆ ಎಷ್ಟೋ ವರ್ಷದ ಮೇಲೆ ಕೋಡಿ ಹರಿಯಿತು. ಊರವರೆಲ್ಲ ಸೇರಿ ಗಂಗೆಪೂಜೆ ಮಾಡಿ ಬಾಗಿನ ಬಿಟ್ಟೆವು. 2023ರ ಕೊನೆಗೆ ಪೂರ್ತಿ ಬತ್ತಿತು. ಆಮೇಲೆ ಎಂಥ ಮಳೆ ಬಂದರೂ ನಡುವೆ ಒಂದು ಹೊಂಡದಷ್ಟು ನೀರು ನಿಲ್ಲುತ್ತದೆ, ಅಷ್ಟೇ. ಈಗ ಒಬ್ಬ ಕಂಟ್ರಾಕ್ಟರ್ ಬಂದು ‘ಪುಕ್ಕಟೆ ಹೂಳು ತೆಗೆದುಕೊಡ್ತೀನಿ, ಮಣ್ಣು ಮಾತ್ರ ನನಗೆ ಬಿಡಿ’ ಅಂತಿದ್ದಾರೆ. ಅರ್ಧ ಊರು ಒಪ್ಪಿದೆ. ಇನ್ನು ಕೆಲವರು ಬೆಂಗಳೂರಿನಿಂದ ಶುದ್ಧ ಮಾಡಿ ಬಿಡುವ ಕೆ.ಸಿ. ವ್ಯಾಲಿ ನೀರು ತರಿಸೋಣ ಅಂತಾರೆ. ನಮ್ಮತ್ತೆ, ಎಲ್ಲಾ ಆ ಜಾಲಿ ಗಿಡದ ಕಾಟ ಅಂತಾರೆ. ‘ಸತ್ತ ಕೆರೆ ಇಟ್ಟುಕೊಂಡು ಏನು ಮಾಡ್ತೀರಿ, ಸೈಟು ಮಾಡಿ ಹಂಚಿ’ ಅನ್ನುವವರೂ ಇದ್ದಾರೆ. ಮುಂದಿನ ತಿಂಗಳು ಗ್ರಾಮಸಭೆ. ನಾನು ಏನು ಹೇಳಲಿ?

ಉತ್ತರ: ಕಂಟ್ರಾಕ್ಟರ್ ವಿಷಯವನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಅದಕ್ಕೆ ಟೈಮ್ ಕಡಿಮೆ. ಒಪ್ಪಬೇಡಿ. ಈ ರೂಪದಲ್ಲಂತೂ ಖಂಡಿತ ಬೇಡ.

ಕೆರೆ ಕೆಲಸದಲ್ಲೇ ಕೂದಲು ನೆರೆತವನು ನಾನು. ಪುಕ್ಕಟೆ ಹೂಳು ತೆಗೆಯುವವರಿಗೆ ಹೂಳು ಬೇಕಾಗಿರುವುದನ್ನು ನೋಡಿದ್ದು ಅಪರೂಪ. ಅವರಿಗೆ ಬೇಕಿರುವುದು ಅದರ ಕೆಳಗಿನ ಮಣ್ಣು. ಇಟ್ಟಿಗೆ ಗೂಡಿಗೆ ಜೇಡಿ, ಲೇಔಟಿಗೆ ಮತ್ತು ರಸ್ತೆಗೆ ಗರಸು. ಹಾಗಾಗಿ ಅವರು ಕೆರೆಯನ್ನು ಸಮನಾಗಿ ಅಗೆಯುವುದಿಲ್ಲ. ಒಳ್ಳೆ ಮಣ್ಣು ಸಿಕ್ಕ ಕಡೆ ಹದಿನೈದು, ಇಪ್ಪತ್ತು ಅಡಿ ಇಳಿಯುತ್ತಾರೆ, ಸಿಗದ ಕಡೆ ಹಾಗೇ ಬಿಡುತ್ತಾರೆ. ಕೆಲಸ ಮುಗಿದಾಗ ನಿಮ್ಮ ಕೈಲಿ ಉಳಿಯುವುದು ಗೋಡೆಯ ಹಾಗೆ ನೇರ ಇಳಿದ ನಾಲ್ಕಾರು ಗುಂಡಿ. ಮಳೆಗಾಲದಲ್ಲಿ ಅದರ ಮೇಲೆ ಕೆಂಪು ನೀರು ನಿಂತರೆ ಎಲ್ಲಿ ಮೊಣಕಾಲುದ್ದ, ಎಲ್ಲಿ ಎರಡಾಳುದ್ದ ಅಂತ ಗೊತ್ತಾಗುವುದಿಲ್ಲ. ಈಜಲು ಹೋದ ಮಕ್ಕಳು ಇಂಥ ಗುಂಡಿಗಳಲ್ಲಿ ಮುಳುಗಿದ ಸುದ್ದಿಯನ್ನು ಪ್ರತಿ ವರ್ಷ ಓದುತ್ತೇವೆ. ಕುರಿ, ದನ ಹೋಗುವುದು ಸುದ್ದಿಯೂ ಆಗುವುದಿಲ್ಲ.

ಏರಿಯ ಬುಡದಲ್ಲಿ ಅಗೆದರೆ ಇನ್ನೂ ಅಪಾಯ. 2021ರಂಥ ಮಳೆ ಮತ್ತೊಮ್ಮೆ ಬಂದು ಕೆರೆ ತುಂಬಿದ ದಿನ, ಬುಡ ಸಡಿಲವಾದ ಏರಿ ಒಡೆಯಬಹುದು. ಕೆಳಗೆ ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಹಾಯುವ ಗದ್ದೆ, ತೋಟ, ಮನೆಗಳಿವೆ ತಾನೇ? ಇನ್ನೊಂದು ಮಾತು. ಕೆರೆ ಮಣ್ಣನ್ನು ಮಾರಾಟಕ್ಕೆ ಕೊಡುವ ಅಧಿಕಾರ ಪಂಚಾಯಿತಿ ಒಂದಕ್ಕೇ ಇಲ್ಲ. ಅಚ್ಚುಕಟ್ಟು 40 ಹೆಕ್ಟೇರ್, ಅಂದರೆ ಸುಮಾರು 100 ಎಕರೆಗಿಂತ ಜಾಸ್ತಿ ಇದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಯದು. ಕಡಿಮೆ ಇದ್ದರೆ ಜಿಲ್ಲಾ ಪಂಚಾಯಿತಿ, ಗ್ರಾಮ ಪಂಚಾಯಿತಿ ವ್ಯಾಪ್ತಿಗೆ ಬರುತ್ತದೆ. ಮಣ್ಣು ಸಾಗಿಸಲು ಗಣಿ ಇಲಾಖೆಯ ಅನುಮತಿಯೂ ಬೇಕು. ಇದ್ಯಾವುದೂ ಇಲ್ಲದೆ ಸಹಿ ಹಾಕಿದರೆ ನಾಳೆ ಉತ್ತರ ಕೊಡಬೇಕಾದವರು ನೀವು.

ಇನ್ನು ನಿಮ್ಮ ಮುಖ್ಯ ಚಿಂತೆಗೆ ಬರುತ್ತೇನೆ. ಕೆರೆ ಸತ್ತಿದೆಯಾ?

ಬೇಸಿಗೆಯಲ್ಲಿ ಕೆರೆ ಒಣಗುವುದು ರೋಗವಲ್ಲ. ನಮ್ಮ ಬಯಲುಸೀಮೆಯ ಕೆರೆಗಳನ್ನು ಕಟ್ಟಿದ್ದೇ ಮಳೆಗಾಲದಲ್ಲಿ ತುಂಬಿ, ಬೇಸಿಗೆಯಲ್ಲಿ ಇಳಿಯಲಿ ಅಂತ. ಇಳಿದಾಗ ಕೆರೆ ಅಂಗಳದಲ್ಲಿ ಹುಲ್ಲು ಬರುತ್ತಿತ್ತು, ದನ ಕುರಿ ಮೇಯುತ್ತಿದ್ದವು. ರೈತರು ಗಾಡಿ ಕಟ್ಟಿಕೊಂಡು ಗೋಡು, ಅಂದರೆ ಕೆರೆಯ ಮೇಲಿನ ಹೂಳುಮಣ್ಣು, ಹೊಲಕ್ಕೆ ಹೊಡೆಯುತ್ತಿದ್ದರು. ಸುಮ್ನೆ ಬಿಸಿಲಿನ ಲೆಕ್ಕವನ್ನೇ ನೋಡಿ. ನಮ್ಮ ಕಡೆ ಬಿಸಿಲು, ಗಾಳಿಗೆ ವರ್ಷಕ್ಕೆ ಹೆಚ್ಚುಕಡಿಮೆ ಐದು ಅಡಿ ನೀರು ಆವಿಯಾಗಿ ಹೋಗುತ್ತದೆ. ಯಾರೂ ಒಂದು ಬಿಂದಿಗೆ ಮುಟ್ಟದಿದ್ದರೂ ಹೋಗುತ್ತದೆ. ಸರಾಸರಿ ಆರೇಳು ಅಡಿ ಆಳದ ಊರ ಕೆರೆ 2021ರಲ್ಲಿ ತುಂಬಿ, 2022ರ ಒಳ್ಳೆ ಮಳೆಗೂ ಒಂದಿಷ್ಟು ತುಂಬಿಸಿಕೊಂಡು, 2023ರ ಕೊನೆಗೆ ಬತ್ತಿತು ಅಂದರೆ ಅದು ಚೆನ್ನಾಗಿಯೇ ನೀರು ಹಿಡಿದುಕೊಂಡಿತ್ತು. 2023 ಎಂಥ ವರ್ಷ ಅಂತ ನೆನಪಿದೆಯಲ್ಲ, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ಹಾಗಾಗಿ ಕೆರೆಗೆ ತೂತು ಬಿದ್ದಿದೆಯೇನೋ ಅನ್ನುವ ಅನುಮಾನ ಇದ್ದರೆ ಬಿಡಿ.

ಚಿಂತೆ ಮಾಡಬೇಕಾದ ಸಂಗತಿ ನಿಮ್ಮ ಪತ್ರದಲ್ಲೇ ಇದೆ: ಎಂಥ ಮಳೆ ಬಂದರೂ ಹೊಂಡದಷ್ಟೇ ನೀರು. ಅಂದರೆ ಮಳೆ ಬೀಳುತ್ತಿದೆ, ಕೆರೆಗೆ ಬರುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಮಳೆ ಯಾವತ್ತೂ ಅಷ್ಟಕ್ಕಷ್ಟೇ. ಒಂದು ವರ್ಷ ಜಾಸ್ತಿ, ಎರಡು ವರ್ಷ ಕಮ್ಮಿ. ಇಷ್ಟು ಮಳೆಯಲ್ಲೇ ನಮ್ಮ ಹಿರಿಯರು ಈ ಒಂದು ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಕೆರೆ ಕಟ್ಟಿದ್ದರು. ಒಂದರ ಕೋಡಿ ನೀರು ಇನ್ನೊಂದಕ್ಕೆ, ಅದರದ್ದು ಮುಂದಿನದಕ್ಕೆ.

ಗ್ರಾಮಸಭೆಯಲ್ಲಿ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿ. 40 ಎಕರೆ ಕೆರೆಯಲ್ಲಿ ಒಂದು ಅಡಿ ಹೂಳು ತೆಗೆದರೆ ಜಾಸ್ತಿ ಹಿಡಿಯುವ ನೀರು ಸುಮಾರು 5 ಕೋಟಿ ಲೀಟರ್. ಅದಕ್ಕೆ ಟ್ರ್ಯಾಕ್ಟರಿನಲ್ಲಿ ಹೆಚ್ಚುಕಡಿಮೆ 16 ಸಾವಿರ ಲೋಡು ಮಣ್ಣು ಹೊರಗೆ ಹೋಗಬೇಕು. ಈಗ ಇನ್ನೊಂದು ಕಡೆ ನೋಡಿ. ನಿಮ್ಮ ಕೆರೆಯ ಮೇಲ್ಗಡೆ ಮಳೆ ನೀರು ಇಳಿದು ಬರುವ ಜಾಗ 500 ಎಕರೆ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಒಂದು ಇಂಚು ನೀರು ಹರಿದು ಬಂದರೂ ಅದೂ 5 ಕೋಟಿ ಲೀಟರ್! ಅಲ್ಲಿಂದ ಕೆರೆಗೆ ನೀರು ತರುವ ಕಾಲುವೆ ಸರಿ ಮಾಡಿದರೆ ಆ ಒಂದು ಇಂಚು ಹೆಚ್ಚುಕಮ್ಮಿ ಪುಕ್ಕಟೆ ಸಿಗುತ್ತದೆ. ದಾರಿ ಮುಚ್ಚಿದ್ದರೆ ನೀವು ಹತ್ತು ಅಡಿ ಅಗೆದರೂ ಸಿಗುವುದು ಹತ್ತು ಅಡಿ ಆಳದ ಒಣ ಗುಂಡಿ.

ಅದಕ್ಕೇ ನನ್ನ ಒಂದೇ ಮುಖ್ಯ ಮಾತು: ಕೆರೆಯೊಳಗೆ ಇಳಿಯುವ ಮೊದಲು ಕೆರೆಯ ಮೇಲ್ಗಡೆ ನಡೆಯಿರಿ. ಒಂದು ಒಳ್ಳೆ ಮಳೆ ಬೀಳುವಾಗಲೇ, ಕೊಡೆ ಹಿಡಿದುಕೊಂಡು, ನಾಲ್ಕು ಜನ ಹೋಗಿ. ಕಂದಾಯ ಇಲಾಖೆಯ ಗ್ರಾಮ ನಕ್ಷೆ ಕೈಲಿರಲಿ, ಅದರಲ್ಲಿ ಹಳ್ಳ, ಕಾಲುವೆ ಗುರುತು ಇರುತ್ತದೆ. ನೀರುಗಂಟಿ ಮನೆತನದವರು ಊರಲ್ಲಿ ಇದ್ದರೆ ಅವರನ್ನು ಮರ್ಯಾದೆಯಿಂದ ಕರೆದುಕೊಂಡು ಹೋಗಿ. ತಲೆತಲಾಂತರ ಕೆರೆಯ ನೀರು ಬಿಡುವ ತೂಬು ಎತ್ತಿ, ಕಾಲುವೆ ಕಾದವರು ಅವರು. ನಮ್ಮ ಕಡೆ ಹೆಚ್ಚಿನವರು ದಲಿತ ಕುಟುಂಬದವರು. ಮೀಟಿಂಗಿನಲ್ಲಿ ಅವರನ್ನು ಹಿಂದಿನ ಸಾಲಿನಲ್ಲಿ ಕೂರಿಸುವುದನ್ನು ಎಷ್ಟೋ ಕಡೆ ನೋಡಿ ಬೇಜಾರಾಗಿದೆ. ನೀರಿನ ದಾರಿ ಇಲಾಖೆಯ ಫೈಲಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ನಡೆದರೆ ಏನು ಕಾಣುತ್ತದೆ? ನಿಮ್ಮ ಊರು ನಾನು ನೋಡಿಲ್ಲ, ಆದರೆ ಅಕ್ಕಪಕ್ಕದ ಊರುಗಳ ಕಥೆ ಒಂದೇ ಥರ. ಎಂಟು ಅಡಿ ಅಗಲ ಇದ್ದ ರಾಜಕಾಲುವೆ ಮಾವಿನ ತೋಟದ ಬೇಲಿಯ ಹತ್ತಿರ ಬಂದಾಗ ಎರಡಡಿ ಆಗಿರುತ್ತದೆ, ತೋಟ ದಾಟಿದ ಮೇಲೆ ಇರುವುದೇ ಇಲ್ಲ. ಹೊಸ ಟಾರು ರಸ್ತೆ ಎರಡಡಿ ಎತ್ತರಿಸಿ ಹಾಕಿರುತ್ತಾರೆ, ನೀರು ದಾಟಲು ಒಂದೇ ಒಂದು ಸಣ್ಣ ಪೈಪು. ಅದರ ಬಾಯಿಗೆ ಟೊಮೆಟೊ ಬೆಳೆದು ಬಿಸಾಡಿದ ಮಲ್ಚಿಂಗ್ ಪ್ಲಾಸ್ಟಿಕ್ಕು, ಡ್ರಿಪ್ ಪೈಪಿನ ತುಂಡು ಸಿಕ್ಕಿಕೊಂಡಿರುತ್ತದೆ. ಮಳೆ ನೀರು ಅಲ್ಲೇ ತಿರುಗಿ ಯಾರದೋ ಹೊಲಕ್ಕೆ ನುಗ್ಗುತ್ತದೆ. ಆ ಹೊಲದವರು ಬದು ಎತ್ತರಿಸುತ್ತಾರೆ. ಅವರದ್ದೂ ತಪ್ಪಲ್ಲ, ಬೆಳೆ ಉಳಿಸಿಕೊಳ್ಳಬೇಕಲ್ಲ. ಇಂಥ ಒಂದು ಪೈಪು ಬಿಡಿಸಿದ್ದಕ್ಕೇ ಕೆರೆಗೆ ಅರ್ಧ ನೀರು ಬಂದ ಊರುಗಳಿವೆ.

ಎಲ್ಲಾ ತಡೆಯೂ ಒತ್ತುವರಿ ಅಲ್ಲ, ಇದನ್ನೂ ಹೇಳಬೇಕು. ಕೃಷಿ ಹೊಂಡ, ಬದು, ಚೆಕ್‌ಡ್ಯಾಮ್ ಎಲ್ಲವನ್ನೂ ಸರ್ಕಾರವೇ ದುಡ್ಡು ಕೊಟ್ಟು ಮಾಡಿಸಿದೆ. ಒಂದೊಂದಾಗಿ ನೋಡಿದರೆ ಒಳ್ಳೆ ಕೆಲಸವೇ. ಆದರೆ ಕೆರೆಯ ಮೇಲ್ಗಡೆ ಸಾಲಾಗಿ ಬಂದಾಗ ಸಾಧಾರಣ ಮಳೆಯ ನೀರೆಲ್ಲ ಅಲ್ಲೇ ನಿಲ್ಲುತ್ತದೆ. ಕೆರೆಗೆ ಬರುವುದು ಅತಿ ಜೋರು ಮಳೆಯದು ಮಾತ್ರ. ನಿಮ್ಮ ಕೆರೆ ಎಷ್ಟೋ ವರ್ಷಕ್ಕೊಮ್ಮೆ ಕೋಡಿ ಹರಿದು ಮಧ್ಯದ ವರ್ಷಗಳಲ್ಲಿ ಖಾಲಿ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಹೊಂಡ ಮುಚ್ಚಿಸಿ ಅಂತ ನಾನು ಹೇಳುವುದಿಲ್ಲ. ಹೊಸದಾಗಿ ಚೆಕ್‌ಡ್ಯಾಮ್ ಮಂಜೂರು ಮಾಡುವ ಮೊದಲು ಕೆಳಗಿನ ಕೆರೆಯ ಗತಿ ಏನು ಅಂತ ಪಂಚಾಯಿತಿ ಕೇಳಲಿ.

ಇದಕ್ಕಿಂತ ದೊಡ್ಡ ಕಾರಣ ನೆಲದೊಳಗಿದೆ. ನಮ್ಮದು ಗಟ್ಟಿ ಬಂಡೆಯ ಸೀಮೆ. ಮೇಲೆ ಹತ್ತಾರು ಅಡಿ ಮಣ್ಣು ಮತ್ತು ಕೊಳೆತ ಕಲ್ಲು, ಅದರ ಕೆಳಗೆ ಬಂಡೆ, ಬಂಡೆಯಲ್ಲಿ ಅಲ್ಲಲ್ಲಿ ಬಿರುಕು. ತೆರೆದ ಬಾವಿಯಲ್ಲಿ ಮೂವತ್ತು, ನಲವತ್ತು ಅಡಿಗೆ ನೀರು ಇದ್ದ ಕಾಲದಲ್ಲಿ ಮೇಲಿನ ಪದರವೆಲ್ಲ ನೆನೆದಿರುತ್ತಿತ್ತು. ಎರಡು ಮಳೆ ಬಿದ್ದರೆ ಸಾಕು, ಹಳ್ಳ ಹರಿಯುತ್ತಿತ್ತು. ಕೆರೆ ತುಂಬಿದರೆ ಬಾವಿ ತುಂಬುತ್ತಿತ್ತು, ಬಾವಿ ತುಂಬಿದ್ದರಿಂದ ಕೆರೆ ನೀರು ಬೇಗ ಇಂಗುತ್ತಿರಲಿಲ್ಲ. ಈಗ ಬೋರ್‌ವೆಲ್ ಸಾವಿರ, ಸಾವಿರದಿನ್ನೂರು ಅಡಿಗೆ ಹೋಗಿದೆ. ಮೇಲಿನ ಪದರ ಖಾಲಿ. ಮೊದಲ ಮಳೆಗಳನ್ನು ಒಣ ನೆಲವೇ ಕುಡಿಯುತ್ತದೆ. ನೀಲಗಿರಿ ತೋಪುಗಳೂ ಇದಕ್ಕೆ ಸೇರಿಕೊಂಡವು. ರಾಗಿ ಹೊಲಗಳಲ್ಲಿ ನೀಲಗಿರಿ ಹಾಕಿ ಅಂತ ಒಂದು ಕಾಲದಲ್ಲಿ ಸರ್ಕಾರವೇ ಪ್ರೋತ್ಸಾಹ ಕೊಟ್ಟಿತ್ತು. ಹೊಸದಾಗಿ ನೆಡಬಾರದು ಅಂತ 2017ರಲ್ಲಿ ಆದೇಶ ಮಾಡಿತು. ಹಳೆಯ ತೋಪು ಕಡಿದರೂ ಬೊಡ್ಡೆ ಚಿಗುರುತ್ತಲೇ ಇದೆ.

ಇಲ್ಲೊಂದು ನಂಬಿಕೆಯನ್ನು ಸ್ವಲ್ಪ ತಿದ್ದಬೇಕು. ‘ಕೆರೆ ತುಂಬಿದರೆ ಬೋರು ತುಂಬುತ್ತೆ.’ ಅರ್ಧ ನಿಜ. ಮೊದಲು ತುಂಬುವುದು ಮೇಲಿನ ಪದರ. ತೆರೆದ ಬಾವಿ, ಕಡಿಮೆ ಆಳದ ಬೋರು ಚೇತರಿಸಿಕೊಳ್ಳುತ್ತವೆ. ಸಾವಿರ ಅಡಿ ಕೆಳಗಿನ ಬಿರುಕಿಗೆ ಆ ನೀರು ಮುಟ್ಟುವುದು ನಿಧಾನ, ಕೆಲವು ಕಡೆ ಮುಟ್ಟುವುದೇ ಇಲ್ಲ. ಹಾಗಾಗಿ ಕೆರೆಗೆ ಒಂದಿಷ್ಟು ನೀರು ಬಂದ ತಕ್ಷಣ ಹತ್ತು ಜನ ಹೊಸ ಬೋರು ಕೊರೆಸಿದರೆ ಗಳಿಸಿದ್ದೆಲ್ಲ ಒಂದೇ ವರ್ಷಕ್ಕೆ ಖರ್ಚು. ಕೆರೆ ಅಂಗಳದಲ್ಲೇ ಬೋರು ಹಾಕಿಸುವ ಮಾತು ಬಂದರೆ ಗಟ್ಟಿಯಾಗಿ ಬೇಡ ಅನ್ನಿ.

ನಿಮ್ಮ ಅತ್ತೆಯವರ ಮಾತಿನಲ್ಲಿ ಹುರುಳಿದೆ, ಪೂರ್ತಿ ಅಲ್ಲದಿದ್ದರೂ. ಬಳ್ಳಾರಿ ಜಾಲಿ ಅಂಗಳ ತುಂಬಿಕೊಂಡರೆ ಹುಲ್ಲು ಬರುವುದಿಲ್ಲ, ಕಾಲುವೆ ಬಾಯಿ ಕಟ್ಟಿಕೊಳ್ಳುತ್ತದೆ, ಆಳದ ಬೇರು ನೀರೂ ಎಳೆಯುತ್ತದೆ. ಆದರೆ ಕೆರೆ ಒಣಗಿದ್ದರಿಂದ ಅದು ಬಂತು. ಅದು ಬಂದಿದ್ದರಿಂದ ಕೆರೆ ಒಣಗಲಿಲ್ಲ. ತೆಗೆಸುವುದಾದರೆ ಬೇರು ಸಮೇತ ತೆಗೆಸಬೇಕು, ಮೇಲೆ ಕಡಿದರೆ ಮುಂದಿನ ವರ್ಷಕ್ಕೆ ಇಮ್ಮಡಿ. ಏರಿಯ ಮೇಲೆ ಬೆಳೆದ ಮರಗಳನ್ನು ಮಾತ್ರ ಎಂಜಿನಿಯರ್ ಕೇಳದೆ ಬುಡಸಮೇತ ಕೀಳಬೇಡಿ, ಬೇರಿದ್ದ ಜಾಗದಲ್ಲಿ ನೀರು ಜಿನುಗುತ್ತದೆ. ಇನ್ನು ಹಳೆಯ ಕರಿಜಾಲಿ ಮರಗಳು ನಡುವೆ ಇದ್ದರೆ ಕೆಲವನ್ನು ಬಿಡಿ. ವಿಜಯನಗರ ಜಿಲ್ಲೆಯ ಅಂಕಸಮುದ್ರದ ಕೆರೆಯಲ್ಲಿ ಕೊಕ್ಕರೆಗಳು ಗೂಡು ಕಟ್ಟುವುದು ನೀರಿನಲ್ಲಿ ನಿಂತ ಇಂಥ ಜಾಲಿ ಮರಗಳ ಮೇಲೇ. 2024ರಲ್ಲಿ ಅದಕ್ಕೆ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಅದೂ ನಿಮ್ಮದರ ಹಾಗೆ ನೀರಾವರಿಗೆ ಕಟ್ಟಿದ ಕೆರೆಯೇ.

ಕೆ.ಸಿ. ವ್ಯಾಲಿ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಎರಡು ಕಡೆಯವರೂ ಜೋರಾಗಿ ಮಾತಾಡುತ್ತಾರೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕದಲ್ಲಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ ಅದು. 2018ರಲ್ಲಿ ಶುರುವಾಯಿತು. ಶುರುವಿನಲ್ಲೇ ನೊರೆ ಬಂದು ಗಲಾಟೆಯಾಯಿತು, ಕೋರ್ಟಿಗೂ ಹೋಯಿತು. ನೀರು ಹರಿದ ಕೆರೆಗಳ ಸುತ್ತ ಅಂತರ್ಜಲ ಏರಿದ್ದು ನಿಜ. ಬತ್ತಿದ್ದ ಬೋರುಗಳಲ್ಲಿ ನೀರು ಬಂದ ರೈತರ ಸಂತೋಷವನ್ನು ಯಾರೂ ಸುಳ್ಳು ಅನ್ನುವಂತಿಲ್ಲ.

ಅಪಾಯಗಳೂ ನಿಜ. ಮೂರನೇ ಹಂತದ ಶುದ್ಧೀಕರಣ ಇಲ್ಲದ ನೀರಿನಲ್ಲಿ ಸಾರಜನಕ, ರಂಜಕ ಉಳಿದಿರುತ್ತದೆ. ಪಾಚಿ, ಕಳೆ ಜಾಸ್ತಿಯಾಗುತ್ತದೆ. ಆ ಕೆರೆಯ ಪಕ್ಕದ ಬಾವಿ, ಬೋರಿನ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬಾರದು, ಒಮ್ಮೆ ಅಲ್ಲ, ವರ್ಷಕ್ಕೆ ಎರಡು ಬಾರಿಯಾದರೂ ಮಾಡಿಸಬೇಕು. ಇನ್ನೊಂದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಈ ನೀರನ್ನು ಕೆರೆಯಿಂದ ನೇರವಾಗಿ ಹೊಲಕ್ಕೆ ಎತ್ತುವಂತಿಲ್ಲ, ಅಂತರ್ಜಲಕ್ಕೆ ಮಾತ್ರ ಅಂತ ನಿಯಮ. ಅಂದರೆ ಲಾಭ ಮೊದಲು ಹೋಗುವುದು ಬೋರ್‌ವೆಲ್, ಮೋಟಾರು ಇದ್ದವರಿಗೆ. ಜಮೀನಿಲ್ಲದವರಿಗೆ ಏನು? ವರ್ಷವಿಡೀ ತುಂಬಿದ ಕೆರೆಯಲ್ಲಿ ಬೇಸಿಗೆಯ ಹುಲ್ಲೂ ಇಲ್ಲ, ಗೋಡೂ ಇಲ್ಲ. ಮೇಲಾಗಿ ಮಳೆಗಾಲ ಬಂದಾಗ ಕೆರೆಯಲ್ಲಿ ಜಾಗವೇ ಇರುವುದಿಲ್ಲ, ಒಳ್ಳೆ ಮಳೆ ನೀರು ಕೋಡಿ ಮೇಲೆ ಹೋಗುತ್ತದೆ. ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮೊದಲು ನಿಮ್ಮ ಕಾಲುವೆ ಸರಿಮಾಡಿ ಎರಡು ಮಳೆಗಾಲ ನೋಡಿ. ಆಗಲೂ ಬಾರದಿದ್ದರೆ ಕೇಳಿ. ಕೇಳುವಾಗ ಮೂರನೇ ಹಂತದ ಶುದ್ಧೀಕರಣ ಆಗಬೇಕು, ಪರೀಕ್ಷೆಯ ವರದಿ ಪಂಚಾಯಿತಿ ಗೋಡೆಯ ಮೇಲೆ ಬರೆಸಬೇಕು ಅಂತ ಠರಾವಿನಲ್ಲೇ ಸೇರಿಸಿ.

ಸೈಟಿನ ಮಾತಿಗೆ ಉತ್ತರ ಚಿಕ್ಕದು. ಕೆರೆ ಅಂಗಳ ಹಂಚುವಂತಿಲ್ಲ. ಹಂಚಿದರೂ 2021ರಂಥ ಇನ್ನೊಂದು ನವೆಂಬರಿನಲ್ಲಿ ಆ ಮನೆಗಳಿಗೆ ನೀರು ನುಗ್ಗುತ್ತದೆ, ನುಗ್ಗುವುದು ಬಡವರ ಮನೆಗೇ.

ಬಡವರ ಹೆಸರು ಬಂದಿದ್ದರಿಂದ ಒಂದು ಮಾತು. ಕೆರೆ ಬತ್ತಿದಾಗ ಊರಲ್ಲಿ ಯಾರಿಗೆ ಮೊದಲು ಏಟು ಬಿತ್ತು ಅಂತ ಪಟ್ಟಿ ಮಾಡಿ ನೋಡಿ. ಬೋರು ಇದ್ದ ರೈತ ಇನ್ನಷ್ಟು ಆಳಕ್ಕೆ ಹೋದ, ಸಾಲ ಮಾಡಿದ, ಆದರೂ ಬೆಳೆದ. ಕುರಿ ಸಾಕುವವರು ನೀರು ಹುಡುಕಿಕೊಂಡು ದೂರ ಹೋದರು, ಇಲ್ಲ ಕುರಿ ಮಾರಿದರು. ಮೀನು ಹಿಡಿಯುವವರ ಬಲೆ ಅಟ್ಟ ಸೇರಿತು. ಬಟ್ಟೆ ಒಗೆಯುವವರು, ಮಡಕೆ ಮಾಡುವವರು ಪಟ್ಟಣಕ್ಕೆ ಕೂಲಿಗೆ ಹೊರಟರು. ಇನ್ನು ಸೊಪ್ಪು ಕೀಳುವ ಹೆಂಗಸರು. ನಮ್ಮ ಕಡೆಯ ಬೆರಕೆ ಸೊಪ್ಪಿನ ಸಾರು ನಿಮಗೆ ಗೊತ್ತೇ ಇದೆ. ಅದಕ್ಕೆ ಬೇಕಾದ ಹೊನಗೊನೆ ಸೊಪ್ಪು, ಒಂದೆಲಗ ಬೆಳೆಯುವುದು ಕೆರೆ ಅಂಚಿನ, ತೂಬಿನ ಕೆಳಗಿನ ತೇವದ ನೆಲದಲ್ಲಿ. ಒಂದು ಮಡಿಲು ತುಂಬ ಕಿತ್ತು ತಂದರೆ ಮನೆಗೆ ಒಂದು ಹೊತ್ತಿನ ಸಾರು, ಉಳಿದದ್ದು ಸಂತೆಗೆ. ಇದಕ್ಕೆ ಪಹಣಿ ಬೇಕಿರಲಿಲ್ಲ, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಯಾವ ಯೋಜನೆಯ ಅಂದಾಜುಪಟ್ಟಿಯಲ್ಲೂ ಈ ಸೊಪ್ಪಿನ ಲೆಕ್ಕ ಇರುವುದಿಲ್ಲ. ಗ್ರಾಮಸಭೆಗೆ ಇವರನ್ನೆಲ್ಲ ಕರೆಯಿರಿ, ಅಚ್ಚುಕಟ್ಟಿನ ರೈತರನ್ನು ಮಾತ್ರ ಅಲ್ಲ.

ಹಾಗಾದರೆ ಹೂಳು ತೆಗೆಯುವುದೇ ಬೇಡವಾ? ಬೇಕು, ನಿಮ್ಮ ಊರ ಟ್ರ್ಯಾಕ್ಟರಿನಲ್ಲಿ, ನಿಮ್ಮ ಊರ ಹೊಲಕ್ಕೆ. ಮೇಲಿನ ಗೋಡು ಒಳ್ಳೆ ಗೊಬ್ಬರದ ಮಣ್ಣು. ಸಣ್ಣ ರೈತರಿಗೆ ಮೊದಲ ಸರದಿ ಕೊಡಿ. ತೆಗೆಯುವ ಜಾಗಕ್ಕೆ ಮೊದಲೇ ಸುಣ್ಣದ ಗೆರೆ ಹಾಕಿಸಿ. ಏರಿಯಿಂದ ಎಷ್ಟು ದೂರ ಬಿಡಬೇಕು, ಎಷ್ಟು ಆಳ ಹೋಗಬಹುದು ಅನ್ನುವುದನ್ನು ಇಲಾಖೆಯ ಎಂಜಿನಿಯರ್ ಹತ್ತಿರ ಬರೆಸಿಕೊಳ್ಳಿ. ಗೋಡು ಮುಗಿದು ಗಟ್ಟಿ ಜೇಡಿ ಸಿಕ್ಕ ಕೂಡಲೇ ನಿಲ್ಲಿಸಿ, ನೀರು ಹಿಡಿದಿಡುವುದು ಆ ಪದರವೇ. ಅಂಚು ಇಳಿಜಾರಾಗಿರಲಿ, ದನ ಇಳಿದು ಹತ್ತುವ ಹಾಗೆ. ನಡುವೆ ಒಂದು ಕಡೆ ತೂಬಿಗಿಂತ ಸ್ವಲ್ಪ ತಗ್ಗು ಮಾಡಿದರೆ ಬೇಸಿಗೆಗೆ ದನಕರುಗಳಿಗೆ, ಹಕ್ಕಿಗಳಿಗೆ ಒಂದಿಷ್ಟು ನೀರು ಉಳಿಯುತ್ತದೆ. ಕಾಲುವೆ ಕೆಲಸವನ್ನು ಉದ್ಯೋಗ ಖಾತ್ರಿಯಲ್ಲಿ ತೆಗೆದುಕೊಳ್ಳಿ, ಜೆಸಿಬಿಗೆ ಹೋಗುವ ದುಡ್ಡು ಊರ ಕೂಲಿಯಾಗಿ ಉಳಿಯಲಿ.

ಒತ್ತುವರಿ ವಿಷಯದಲ್ಲಿ ಹುಷಾರಾಗಿರಿ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸಿ, ಕಲ್ಲು ನೆಡಿಸಿ. ತೆರವು ಶುರುವಾಗುವಾಗ ಅರ್ಧ ಎಕರೆ ರಾಗಿ ಬಿತ್ತಿಕೊಂಡ ಕುಟುಂಬದಿಂದ ಶುರುವಾಗಿ, ಐದು ಎಕರೆ ತೋಟ ಮಾಡಿಕೊಂಡವರ ಬೇಲಿಯ ಹತ್ತಿರ ನಿಂತುಹೋಗುವುದನ್ನು ನೋಡಿದ್ದೇನೆ. ಹಾಗಾದರೆ ಊರು ಎರಡಾಗುತ್ತದೆ, ಕಾಲುವೆ ಮತ್ತೆ ಮುಚ್ಚುತ್ತದೆ. ಸದಸ್ಯೆಯಾಗಿ ನೀವು ದೊಡ್ಡ ಬೇಲಿಯಿಂದ ಶುರು ಮಾಡಿಸಿ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ನೀರು ಆಳಕ್ಕೆ ಹೋದಷ್ಟೂ ಅದರಲ್ಲಿ ನಮ್ಮ ಬಂಡೆಯ ಫ್ಲೋರೈಡ್, ಅಂದರೆ ಹೆಚ್ಚಾದರೆ ಹಲ್ಲು ಮೂಳೆ ಕೆಡಿಸುವ ಲವಣ, ಜಾಸ್ತಿ. ಊರಿಗೆ ಕುಡಿಯುವ ನೀರು ಕೊಡುವ ಬೋರನ್ನು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಬಂದರೆ ಆ ನೀರು ಕುಡಿಯಲು, ಅಡುಗೆಗೆ ಬೇಡ. ಕುದಿಸಿದರೆ ಹೋಗುತ್ತದೆ ಅಂತ ಎಷ್ಟೋ ತಾಯಂದಿರು ನಂಬಿದ್ದಾರೆ. ಹೋಗುವುದಿಲ್ಲ, ಕುದ್ದು ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿಯಾಗುತ್ತದೆ. ಶಾಲೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ಬಿಳಿ ಮಚ್ಚೆ ಕಾಣಿಸಿದರೆ ಅದನ್ನು ಗಮನಕ್ಕೆ ತೆಗೆದುಕೊಳ್ಳಿ. ಪಂಚಾಯಿತಿಯ ಶುದ್ಧ ನೀರಿನ ಘಟಕ ಇದ್ದರೆ ಅದರ ಫಿಲ್ಟರ್ ಯಾವಾಗ ಬದಲಾಯಿಸಿದರು ಅಂತ ಈ ಗ್ರಾಮಸಭೆಯಲ್ಲೇ ಕೇಳಿ. ಕಾಲುವೆ ಸರ್ವೆಯ ಠರಾವು, ಬೋರ್ ನೀರಿನ ಪರೀಕ್ಷೆಯ ಠರಾವು, ಎರಡನ್ನೂ ಅವತ್ತೇ ಬರೆಸಿ, ಪಿಡಿಒ ಸಹಿ ಮಾಡಿದ ಪ್ರತಿ ಕೈಗೆ ತೆಗೆದುಕೊಂಡೇ ಮನೆಗೆ ಹೋಗಿ.